ಐ.ಡಿ.ಹಳ್ಳಿ ರಸ್ತೆಯ ಇಂಗ್ಲೆಂಡು

ತೋವಿನಕೆರೆಯ ಭೀಮರಾಜು ಮೇಸ್ತ್ರಿ ಯಾವ ಕಟ್ಟಡ ನೋಡಲು ಹೋದರೂ ಮೊದಲು ಅದರ ಹಿಂದುಗಡೆಗೆ ಹೋಗುತ್ತಿದ್ದ. ಮುಂದುಗಡೆಯನ್ನು ಎಲ್ಲರೂ ಚೆನ್ನಾಗಿಯೇ ಮಾಡಿಸಿರುತ್ತಾರೆ, ಅದರಲ್ಲಿ ನೋಡುವುದೇನಿದೆ ಎಂದು ಅವನ ಎಣಿಕೆ. ಹಿಂದೆ ನಿಂತು ಗಿಲಾವಿಲ್ಲದ ಇಟ್ಟಿಗೆ, ಓರೆ ಪೈಪು, ಸೋರುವ ಸಜ್ಜೆ ಎಲ್ಲ ಕಂಡು ಮೂಗಿನಲ್ಲೇ ಒಂದು ಸದ್ದು ಹೊರಡಿಸಿ ವಾಪಸು ಬರುತ್ತಿದ್ದ. ಆ ಸದ್ದಿನ ಅರ್ಥ ಸುತ್ತಲ ಕೆಲಸಗಾರರಿಗೆಲ್ಲ ಗೊತ್ತಿತ್ತು.

ಅವನಪ್ಪ ಚಿಕ್ಕನರಸಯ್ಯ ಕಲ್ಲುಕೆಲಸದವನು. ಬಂಡೆಗೆ ಸುತ್ತಿಗೆಯಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಅದು ಯಾವ ಕಡೆ ಸೀಳುತ್ತದೆಂದು ಹೇಳುತ್ತಿದ್ದ. ಸುತ್ತಲ ಎಷ್ಟೋ ಗುಡಿಗಳ ಕಂಬಗಳನ್ನು ಅವನೇ ಎತ್ತಿ ನಿಲ್ಲಿಸಿದ್ದು. ಕಂಬ ನಿಂತ ಮಾರನೆಯ ದಿನದಿಂದ ಅವನು ಆ ಗುಡಿಗಳ ಹೊಸ್ತಿಲು ದಾಟಲಿಲ್ಲ. ದಾಟಲು ಬಿಡಲಿಲ್ಲ ಎಂದು ಕೇರಿಯವರು ಹೇಳುತ್ತಿದ್ದರು. ತನಗೇ ಮನಸ್ಸಿರಲಿಲ್ಲ ಎಂದು ಅವನು ಹೇಳುತ್ತಿದ್ದ. ಅಪ್ಪನ ಕೈಗುಣ ಮಗನಿಗೆ ಬಂದಿತ್ತು, ಆದರೆ ಅದನ್ನು ಕೇಳಿಕೊಂಡು ಬರುವವರು ಉಳಿದಿರಲಿಲ್ಲ. ಹತ್ತು ವರ್ಷದಿಂದ ಭೀಮರಾಜು ಕಟ್ಟಿದ್ದೆಲ್ಲ ಸಿಮೆಂಟ್ ಇಟ್ಟಿಗೆಯ ಪೆಟ್ಟಿಗೆಯಂಥ ಮನೆಗಳು. ಅವುಗಳ ಮೇಲೆ ಅವನಿಗಿದ್ದ ತಾತ್ಸಾರ, ಅವನ್ನು ಕಟ್ಟಿಯೇ ಹೊಟ್ಟೆ ಹೊರೆಯಬೇಕಲ್ಲ ಎಂಬ ಸಿಟ್ಟಿನಿಂದ ಇನ್ನಷ್ಟು ಹುಳಿಯಾಗಿತ್ತು.

ಹೀಗಿರುವಾಗ ಮಧುಗಿರಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ನವೀನ್ ಕುಮಾರ್ ಎಂಬಾತ ಕಾರಿನಲ್ಲಿ ಅವನ ಮನೆ ಹುಡುಕಿಕೊಂಡು ಬಂದ. ಮದುವೆಗೆ ಮುಂಚೆ ಗಂಡು ಹೆಣ್ಣು ಕೈಕೈ ಹಿಡಿದು ತೆಗೆಸಿಕೊಳ್ಳುವ ಫೋಟೋಗಳಿಂದ ಅವನ ಕಾರುಬಾರು ಏರಿತ್ತು. ಐ.ಡಿ.ಹಳ್ಳಿ ರಸ್ತೆಯಲ್ಲಿ ಮಾವ ನಂದೀಶ್ವರಯ್ಯನ ಜಮೀನಿತ್ತು, ಬರೀ ಕಲ್ಲು, ಜಾಲಿ. ಅಲ್ಲಿ ಇಂಗ್ಲೆಂಡಿನ ಹಳೆಯ ಹಳ್ಳಿಯೊಂದನ್ನು ಕಟ್ಟುವುದು, ಫೋಟೋ ತೆಗೆಸಿಕೊಳ್ಳುವವರು ಅಲ್ಲಿಗೇ ಬರುವಂತೆ ಮಾಡುವುದು ಅವನ ಯೋಜನೆ. ಸ್ಟುಡಿಯೋದಲ್ಲೇ ಮುದ್ರಿಸಿ ಸ್ಪೈರಲ್ ಹಾಕಿಸಿದ ನಲವತ್ತು ಚಿತ್ರಗಳ ಆಲ್ಬಮ್ಮನ್ನು ಜಗಲಿಯ ಮೇಲಿಟ್ಟು, "ಎಲ್ಲಾ ಸ್ಟೋನ್ ವರ್ಕ್ ಮೇಸ್ತ್ರಿ. ನಾನೂರು ವರ್ಷ ಹಳೇದು ಅನ್ನಿಸ್ಬೇಕು. ಮೂರು ತಿಂಗಳಲ್ಲಿ ಆಗ್ಬೇಕು" ಎಂದ.

ನಾನೂರು ವರ್ಷವನ್ನು ಮೂರು ತಿಂಗಳಲ್ಲಿ ಕೇಳುವವನ ಮುಖವನ್ನು ಭೀಮರಾಜು ಚೆನ್ನಾಗಿ ನೋಡಿದ. ಬೇರೆ ದಿನವಾಗಿದ್ದರೆ ಎದ್ದು ಹೋಗುತ್ತಿದ್ದ. ಆದರೆ ಆಲ್ಬಮ್ಮಿನ ಮೊದಲ ಚಿತ್ರದಲ್ಲೊಂದು ಕಲ್ಲಿನ ಸೇತುವೆಯಿತ್ತು. ಅದರ ಕಮಾನಿನ ಕಲ್ಲುಗಳು ಒಂದರ ಭಾರ ಒಂದು ಹೊತ್ತುಕೊಂಡು ಕೂತ ರೀತಿ ಕಂಡು ಅವನ ಕೈ ಪುಟದ ಮೇಲೆಯೇ ನಿಂತಿತು. ಅದನ್ನು ಕಟ್ಟಿದವನು ಯಾರೋ, ಕೆಲಸ ಬಲ್ಲವನು. ಆಲ್ಬಮ್ ಬಿಟ್ಟು ಹೋಗಿ, ನಾಳೆ ಹೇಳುತ್ತೇನೆ ಎಂದ.

ಮಗಳು ವೇದಾವತಿ ಕೊರಟಗೆರೆಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದಳು. ಸಂಜೆ ಅವಳು ಬಂದು ಕೈಕಾಲು ತೊಳೆಯುವುದನ್ನೇ ಕಾದಿದ್ದು, ಚಿತ್ರಗಳ ಕೆಳಗಿದ್ದ ಇಂಗ್ಲಿಷನ್ನು ಓದಿ ಹೇಳಲು ಕೂರಿಸಿದ. ಮೇಲಂತಸ್ತು ಬೀದಿಯ ಕಡೆ ಚಾಚಿದ ಮರದ ಮನೆಗಳಿದ್ದವು. ಮರದ ಚೌಕಟ್ಟೇ ಭಾರ ಹೊರುವುದು, ನಡುವೆ ಕಡ್ಡಿ ಹೆಣೆದು ಸಗಣಿ, ಮಣ್ಣು, ಹುಲ್ಲು ಕಲಸಿ ಮೆತ್ತಿದ್ದಾರೆ ಎಂದು ಅವಳು ಓದಿದಳು. ಒಂದೇ ಒಂದು ಕಬ್ಬಿಣದ ಮೊಳೆ ಇಲ್ಲ, ಎಲ್ಲ ಮರದ ಗೂಟ. ತೊಲೆಗಳನ್ನು ಬೇರೆಡೆ ಕೊಯ್ದು, ಜೋಡಿಸಿ ನೋಡಿ, ಯಾವುದಕ್ಕೆ ಯಾವುದು ಎಂದು ಉಳಿಯಲ್ಲಿ ಗೀಟು ಹಾಕಿ, ಬಿಚ್ಚಿ ತಂದು ನಿಲ್ಲಿಸುತ್ತಿದ್ದರಂತೆ. ಆ ಗೀಟುಗಳ ಹತ್ತಿರದ ಚಿತ್ರವೂ ಇತ್ತು. ಅಪ್ಪ ಕಲ್ಲಿನ ಮೇಲೆ ಹಾಕುತ್ತಿದ್ದ ಗೀಟುಗಳು ಭೀಮರಾಜುವಿಗೆ ನೆನಪಾದವು. ಇನ್ನೊಂದು ಚಿತ್ರದಲ್ಲಿ ಆನೆ ಹೊಗುವಷ್ಟು ದೊಡ್ಡ ಕಣಜದ ಮನೆ. ರೈತರು ಬೆಳೆದದ್ದರಲ್ಲಿ ಹತ್ತನೇ ಪಾಲು ಚರ್ಚಿಗೆ ಹಾಕಬೇಕಿತ್ತು, ಅದನ್ನು ತುಂಬುವ ಜಾಗ. ಅಲ್ಲಿಯೂ ಹಾಗೇ ಎಂದು ಅವನು ಮೂಗಿನಲ್ಲಿ ಸದ್ದು ಮಾಡಿದ.

ಕೊನೆಯ ಕಡೆ ಒಂದು ಸಣ್ಣ ಚಿತ್ರ. ಚರ್ಚಿನ ಅಂಗಳಕ್ಕೆ ಹೋಗುವ ದಾರಿಯಲ್ಲಿ ಎರಡು ಕಡೆ ಮೊಳಕಾಲೆತ್ತರದ ಕಲ್ಲುಗೋಡೆ, ಅದರ ಮೇಲೆ ಆರು ಮರದ ಕಂಬ, ಮೇಲೆ ಇಳಿಜಾರು ಮಾಡು, ನಡುವೆ ಉದ್ದನೆಯ ಒಂದು ಚಪ್ಪಡಿ. ಬಾಗಿಲಿಲ್ಲ, ಬೀಗವಿಲ್ಲ. ನವೀನ್ ಕುಮಾರ್ ಅದರ ಮೇಲೆ ಮಾರ್ಕರಿನಲ್ಲಿ ವೆಲ್‌ಕಮ್ ಗೇಟ್ ಎಂದು ಬರೆದಿದ್ದ. ವೇದಾವತಿ ಕೆಳಗಿನ ಸಾಲು ಓದಿ ನಕ್ಕಳು.

"ಇದನ್ನ ಲಿಚ್ ಗೇಟ್ ಅಂತಾರಪ್ಪ. ಲಿಚ್ ಅಂದ್ರೆ ಅವರ ಹಳೇ ಮಾತಲ್ಲಿ ಹೆಣ. ಹೊತ್ಕೊಂಡ್ ಬಂದೋರು ಪಾದ್ರಿ ಬರೋವರೆಗೂ ಮಳೆಗೆ ನೆನೀದಂಗೆ ಇಲ್ಲಿ ಇಳಿಸ್ಕೊಂಡು ನಿಲ್ತಿದ್ರಂತೆ. ಈ ಕಲ್ಲು ಅದಕ್ಕೇ."

ಭೀಮರಾಜು ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದ. ಹೆಣ ಹೊತ್ತವರಿಗೂ ಹೆಗಲು ನೋಯುತ್ತದೆ ಎಂದು ಯೋಚಿಸಿ ಮಾಡು ಕಟ್ಟಿದ ಜನರ ಬಗ್ಗೆ ಅವನಿಗೆ ಗೌರವ ಬಂತು. ಚಿತ್ರದ ಕೆಳಗಿನ ಎರಡು ಸಾಲನ್ನೂ ಓದದೆ ಅದಕ್ಕೆ ವೆಲ್‌ಕಮ್ ಎಂದು ಬರೆದವನ ಬಗ್ಗೆ ಏನು ಬಂತೆಂಬುದನ್ನು ಹೇಳಬೇಕಾಗಿಲ್ಲ. ಮಾರನೆಯ ದಿನ ಕೆಲಸ ಒಪ್ಪಿಕೊಂಡ. ಹೆಣದ ವಿಷಯ ಬಾಯಿ ಬಿಡಲಿಲ್ಲ.

ಒಂದು ವಾರಕ್ಕೇ ಸ್ಟೋನ್ ವರ್ಕಿನ ಬಂಡವಾಳ ಬಯಲಾಯಿತು. ಚರ್ಚಿಗೆ ಕಬ್ಬಿಣದ ಚೌಕಟ್ಟು ನಿಂತಿತು, ಅದಕ್ಕೆ ಪ್ಲೈವುಡ್ ಬಡಿದರು, ಅದರ ಮೇಲೆ ಕಲ್ಲಿನ ಹಾಗೆ ಅಚ್ಚು ಹಾಕಿದ ಫೈಬರ್ ಶೀಟು ಅಂಟಿಸಿದರು. ಭೀಮರಾಜು ಎಂದಿನಂತೆ ಹಿಂದುಗಡೆಗೆ ಹೋದ. ಹಿಂದುಗಡೆ ಎಂಬುದೇ ಇರಲಿಲ್ಲ. ಓರೆಗೆ ಕೊಟ್ಟ ಪೈಪುಗಳು, ಅವುಗಳ ಬುಡಕ್ಕೆ ಮರಳು ಮೂಟೆ, ಆಚೆಗೆ ಜಾಲಿ ಪೊದೆ. ಮರದ ಮನೆಗಳೂ ಹಾಗೆಯೇ: ಸಿಮೆಂಟ್ ಗೋಡೆಗೆ ಕಪ್ಪು ಬಣ್ಣದ ಹಲಗೆ ಮೊಳೆ ಹೊಡೆದು ನಿಲ್ಲಿಸಿದ್ದು. ಹೊಗೆಗೂಡುಗಳಿಗೆ ಒಲೆಯಿಲ್ಲ. ಪಾಚಿಯನ್ನು ಒಬ್ಬ ಸ್ಪ್ರೇ ಗನ್ನಿನಲ್ಲಿ ಹೊಡೆಯುತ್ತಿದ್ದ. ಗೋಡೆಗೆ ಹಬ್ಬಿಸಲು ಪ್ಲಾಸ್ಟಿಕ್ ಬಳ್ಳಿ ಲಾರಿಯಲ್ಲಿ ಬಂತು.

ಇಷ್ಟೆಲ್ಲ ಆದರೂ ಒಂದು ತೊಡಕು ಉಳಿದಿತ್ತು. ಕ್ಯಾಮೆರಾ ಎಲ್ಲಿಟ್ಟರೂ ಹಿಂದೆ ಮಧುಗಿರಿ ಬೆಟ್ಟ ಬರುತ್ತಿತ್ತು. ಬರಿ ಬಂಡೆಯ ಮೇಲೆ ಕೋಟೆಯ ಗೋಡೆ ಹತ್ತಿಕೊಂಡು ಹೋಗುವುದು ಅಲ್ಲಿಂದಲೂ ಕಾಣುತ್ತಿತ್ತು. ಆ ಕಡಿದಾದ ಇಳಿಜಾರಿನಲ್ಲಿ ಕಲ್ಲು ಜಾರದಂತೆ ಹೇಗೆ ಕೂರಿಸಿದರೋ ಎಂದು ಭೀಮರಾಜು ಇವತ್ತಿಗೂ ಬಸ್ಸಿನ ಕಿಟಕಿಯಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದ. ನವೀನ್ ಕುಮಾರ್ ಅದು ಇಂಗ್ಲೆಂಡಿನ ಲುಕ್ಕನ್ನು ಕೆಡಿಸುತ್ತದೆಂದು ಆ ದಿಕ್ಕಿಗೆ ಮೂವತ್ತು ಅಡಿ ಎತ್ತರದ ಫ್ಲೆಕ್ಸ್ ಕಟ್ಟಿಸಿದ. ಫ್ಲೆಕ್ಸಿನ ಮೇಲೆ ಹಸಿರು ಗುಡ್ಡಗಳಿದ್ದವು. ಪಕ್ಕದ ಹಟ್ಟಿಯ ಓಬಳಪ್ಪನ ಕುರಿಗಳನ್ನು ಮೇಯಲು ಬಿಡಿಸಿ, ಕಂದು ಬಣ್ಣ ಫೋಟೋಕ್ಕೆ ಚೆನ್ನಾಗಿಲ್ಲ, ಪೌಡರ್ ಹಚ್ಚಬಹುದೇ ಎಂದು ಕೇಳಿದ. ಓಬಳಪ್ಪ ಮಂದೆ ಹೊಡೆದುಕೊಂಡು ಹೋದವನು ಮತ್ತೆ ಆ ಕಡೆ ತಿರುಗಲಿಲ್ಲ.

ಬಿಟ್ಟುಹೋಗಲು ಭೀಮರಾಜು ಚೀಲ ಎತ್ತಿಕೊಂಡೇ ಬಂದಿದ್ದ ದಿನ, ಗೇಟಿನ ಮಾತು ಬಂತು. ಜನ ಒರಗುವ ಜಾಗ, ಅದೊಂದು ಗಟ್ಟಿಯಾಗಿರಲಿ ಎಂದು ನವೀನ್ ಕುಮಾರ್ ಅಂದ. ಹಾಗಾದರೆ ಅದನ್ನು ನನ್ನ ರೀತಿಯಲ್ಲಿ ಕಟ್ಟುತ್ತೇನೆ, ನಡುವೆ ಬಾಯಿ ಹಾಕಬಾರದು ಎಂದು ಭೀಮರಾಜು ಹೇಳಿ ಚೀಲ ಕೆಳಗಿಟ್ಟ.

ಮರದ ಕೆಲಸಕ್ಕೆ ಮದಲೂರಿನ ಚೌಡಯ್ಯನನ್ನು ಕರೆಸಿಕೊಂಡ. ಮಿತಮಾತಿನ ಮನುಷ್ಯ, ಕೈ ಸಾಫು. ಸಿರಾದಲ್ಲಿ ಯಾರೋ ಹಳೇ ಮನೆ ಕೆಡವಿದ ಬೇವಿನ ತೊಲೆಗಳನ್ನು ತಂದರು. ಭೀಮರಾಜು ಅಲ್ಲೇ ಹೊಲದ ಬಂಡೆ ಸೀಳಿ, ಉಳಿಯಲ್ಲಿ ಮೈ ಬಿಡಿಸಿ, ಸುಣ್ಣದ ಗಾರೆ ಅರೆಸಿ ಗೋಡೆ ಎಬ್ಬಿಸಿದ. ಸಿಮೆಂಟಿನ ಒಂದು ಬೊಗಸೆಯನ್ನೂ ಹತ್ತಿರ ಸೇರಿಸಲಿಲ್ಲ. ಚೌಡಯ್ಯ ಆಲ್ಬಮ್ ನೋಡಿ ನೋಡಿ ತೊಲೆಗೆ ತೊಲೆ ಕಚ್ಚಿಸಿ ಗೂಟ ಬಡಿದ. ಮೇಲೆ ನಾಡಹೆಂಚು. ನಡುವಿನ ಚಪ್ಪಡಿಯನ್ನು ಭೀಮರಾಜು ಒಬ್ಬನೇ ನಾಲ್ಕು ದಿನ ಕೂತು ನಯ ಮಾಡಿದ. ಅಲ್ಲಿಯ ಪ್ಲೈವುಡ್ ಹುಡುಗರು ಊಟದ ಹೊತ್ತಿನಲ್ಲಿ ಬಂದು ಮಾಡಿನ ಕೆಳಗೆ ಮಲಗುತ್ತಿದ್ದರು, ತಂಪಾಗಿತ್ತು.

"ಈ ಕಲ್ಲು ಯಾತಕ್ಕೆ ಮೇಸ್ತ್ರಿ, ದಾರಿಗೆ ಅಡ್ಡ?" ಎಂದು ಚೌಡಯ್ಯ ಒಂದು ದಿನ ಕೇಳಿದ. ಕೂರೋಕೆ ಎಂದು ಭೀಮರಾಜು ಹೇಳಿದ.

ಪೂರ್ತಿ ಆಗುವ ಮೊದಲೇ ಜೋಡಿಗಳು ಬರತೊಡಗಿದವು. ಎಲ್ಲರಿಗೂ ಗೇಟೇ ಬೇಕು. ಬಾಡಿಗೆ ಕೋಟಿನ ಗಂಡುಗಳು, ನೆಲ ಗುಡಿಸುವ ಗೌನಿನ ಹೆಣ್ಣುಗಳು ಆ ಚಪ್ಪಡಿಯ ಮೇಲೆ ಕೂತು, ಒರಗಿ ಫೋಟೋ ತೆಗೆಸಿಕೊಂಡರು; ಒಬ್ಬನಂತೂ ಉದ್ದಕ್ಕೆ ಮಲಗಿಯೇ ತೆಗೆಸಿಕೊಂಡ. ಭೀಮರಾಜು ದೂರದಲ್ಲಿ ಬೀಡಿ ಸೇದುತ್ತ ನೋಡುತ್ತಿದ್ದ. ಹೆಣದ ಕಲ್ಲಿನ ಮೇಲೆ ಮುತ್ತು ಕೊಟ್ಟುಕೊಳ್ಳುವ ಈ ಜನರನ್ನು ನೋಡುವುದರಲ್ಲಿ ಅವನಿಗೊಂದು ಗುಟ್ಟಿನ ರುಚಿ ಹತ್ತಿತ್ತು. ತನಗೊಬ್ಬನಿಗೇ ಗೊತ್ತು ಎಂಬ ರುಚಿ ಅದು.

ಒಂದು ದಿನ ಮಾತ್ರ ಅದು ಕೆಟ್ಟಿತು. ಪಾವಗಡ ಕಡೆಯ ಒಬ್ಬ ಹುಡುಗಿ, ಮಂಗಳಗೌರಿ ಎಂದು ಹೆಸರು, ಫೋಟೋ ಮುಗಿದ ಮೇಲೆ ಗೌನು ಎತ್ತಿ ಹಿಡಿದುಕೊಂಡು ಅವನ ಹತ್ತಿರ ಬಂದಳು. ಇಡೀ ಜಾಗದಲ್ಲಿ ಇದೊಂದನ್ನು ಮುಟ್ಟಿದರೆ ಮುಟ್ಟಿದ ಹಾಗಾಗುತ್ತದೆ, ಇದನ್ನು ಕಟ್ಟಿದವರು ನೀವೇ ಅಂತೆ ತಾತ ಎಂದು ಕೇಳಿ, ಗೂಟದ ತಲೆಗಳನ್ನು ಬೆರಳಿನಿಂದ ಸವರಿದಳು. ಭೀಮರಾಜುವಿಗೆ ನಿಜ ಬಾಯಿಯ ತುದಿಗೆ ಬಂತು. ಹೇಳಲಿಲ್ಲ. ಅವಳು ಹೋದ ಮೇಲೆ ಬೀಡಿ ಯಾಕೋ ಕಹಿಯಾಯಿತು.

ವೈಶಾಖದ ಒಂದು ಬೆಳಿಗ್ಗೆ ಆರಂಭದ ಪೂಜೆ ಇಟ್ಟುಕೊಂಡರು. ಮಗಳು ಬುದ್ಧವಂದನೆ ಕಲಿತ ಮೇಲೆ ಭೀಮರಾಜುವಿನ ಮನೆಯಲ್ಲಿ ಹೋಮ ಹವನದ ಸೊಲ್ಲೇ ಇರಲಿಲ್ಲ. ಆದರೂ ಹೋದ. ಕೆಲಸ ಮುಗಿದ ದಿನ ಮೇಸ್ತ್ರಿಗೆ ತಾಂಬೂಲ ಕೊಡುವುದು ರೂಢಿ. ಅದು ದೇವರದಲ್ಲ, ಕೆಲಸದ್ದು. ಬಿಳಿ ಪಂಚೆ ಉಟ್ಟು, ಮುಖ ಕ್ಷೌರ ಮಾಡಿಸಿಕೊಂಡು ಹೋದ.

ಬಿಸಿಲಿತ್ತು. ಇಡೀ ಇಂಗ್ಲೆಂಡಿನಲ್ಲಿ ನಾಲ್ಕು ಜನ ನೆರಳಲ್ಲಿ ನಿಲ್ಲಬಹುದಾದ ಮಾಡು ಒಂದೇ ಒಂದಿತ್ತು. ಆದ್ದರಿಂದ ಪುರೋಹಿತರು ಗೇಟಿನೊಳಗೇ ಪೂಜೆಗೆ ಅಣಿ ಮಾಡಿಕೊಂಡಿದ್ದರು. ಚಪ್ಪಡಿಯ ಮೇಲೆ ಬಾಳೆ ಎಲೆ ಹಾಸಿ ಅಕ್ಕಿ ಸುರಿದು ಕಳಸ ಇಟ್ಟಿದ್ದರು. ನಂದೀಶ್ವರಯ್ಯ ರೇಷ್ಮೆ ಶಲ್ಯ ಹೊದ್ದು ಎದುರಿಗೆ ಕೂತಿದ್ದ. ನಂಟರಿಷ್ಟರು ಗೋಡೆಗೆ ಒರಗಿದ್ದರು. ಪೂಜೆಯ ನಡುವೆ ಕೆಲಸದವರನ್ನು ಕರೆಯುವ ಹೊತ್ತು ಬಂತು. ಚೌಡಯ್ಯನನ್ನು ಒಳಗೆ ಕರೆದು ಹೆಗಲಿಗೆ ಶಾಲು ಹೊದಿಸಿದರು. ನವೀನ್ ಕುಮಾರ್ ಇನ್ನೊಂದು ತಟ್ಟೆ ಎತ್ತಿಕೊಂಡು, ಬನ್ನಿ ಮೇಸ್ತ್ರಿ ಎಂದು ಕೈ ಮಾಡಿದ. ಭೀಮರಾಜು ಚಪ್ಪಲಿ ಬಿಟ್ಟ.

"ಅವ್ರಿಗೆ ಅಲ್ಲೇ ಕೊಟ್ಬುಡು. ಒಳಗ್ ಯಾಕೆ, ಪೂಜೆ ನಡೀತೈತೆ" ಎಂದು ನಂದೀಶ್ವರಯ್ಯ ಕಳಸದ ಮೇಲಿಂದ ಕಣ್ಣೆತ್ತದೆಯೇ ಹೇಳಿದ. ದನಿಯಲ್ಲಿ ಕೋಪವಿರಲಿಲ್ಲ. ಬಾಗಿಲು ಹಾಕು, ಗಾಳಿ ಬರುತ್ತಿದೆ ಎನ್ನುವಷ್ಟು ಸಹಜವಾಗಿ ಹೇಳಿದ.

ನವೀನ್ ಕುಮಾರ್ ತಟ್ಟೆ ಹಿಡಿದು ಹೊರಗೆ ಬಂದ. ಭೀಮರಾಜುವಿನ ಕಣ್ಣು ತಪ್ಪಿಸಿ, ಪಕ್ಕದಲ್ಲಿದ್ದ ಸಿಮೆಂಟ್ ಮೂಟೆಗಳ ಮೇಲೆ ಅದನ್ನಿಟ್ಟು, ತಗೊಳ್ಳಿ ಎಂದು ಗೊಣಗಿದ. ಭೀಮರಾಜು ತಟ್ಟೆಯನ್ನು ನೋಡಲಿಲ್ಲ, ಗೇಟನ್ನು ನೋಡಿದ. ಅದಕ್ಕೆ ಬಾಗಿಲಿರಲಿಲ್ಲ. ಎರಡು ಮೊಳಕಾಲೆತ್ತರದ ಗೋಡೆ, ಆರು ಕಂಬ, ಗಾಳಿ ಬೆಳಕು ಆಚೆಯಿಂದ ಈಚೆಗೆ. ಅಂಥ ಬಯಲಿಗೂ ಈ ಜನ ಒಂದು ಒಳಗನ್ನು ಹುಡುಕಿಕೊಂಡಿದ್ದರು, ಅವನನ್ನು ಹೊರಗೆ ನಿಲ್ಲಿಸಲು. ಅವನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಹೇಸಿಗೆ.

ಚಪ್ಪಲಿ ಮೆಟ್ಟಿಕೊಂಡು ಗೇಟಿನ ಅಂಚಿನವರೆಗೆ ನಡೆದ. ಒಳಗೆ ಕಾಲಿಡಲಿಲ್ಲ.

"ನಂದೀಶ್ವರಯ್ಯನೋರೇ, ಈ ಜಾಗ ಏನು ಅಂತ ಗೊತ್ತಾ ನಿಮ್ಗೆ?"

ಪುರೋಹಿತರು ಮಂತ್ರ ನಿಲ್ಲಿಸಿದರು. ನಂದೀಶ್ವರಯ್ಯ ತಲೆ ಎತ್ತಿದ.

"ಇದು ಲಿಚ್ ಗೇಟು, ಹೆಣ ಇಳ್ಸೋ ಜಾಗ. ಆ ದೇಸದಲ್ಲಿ ಹೆಣ ಹೊತ್ಕಂಡ್ ಬಂದೋರು ಐನೋರು ಬರೋಗಂಟ ಇಲ್ಲೇ ಇಳ್ಸಿ ಕಾಯ್ತಾರೆ. ನಿಮ್ ಕಳ್ಸ ಕುಂತಿರೋದು ಹೆಣದ ಕಲ್ ಮ್ಯಾಲೆ. ನಾನೇ ಕೆತ್ತಿದ್ದು, ಅಳ್ತೆ ಆರೂವರೆ ಅಡಿ. ಬೇಕಾದ್ರೆ ನಿಮ್ ಅಳಿಯನ ಪೋನಲ್ಲೇ ನೋಡ್ಸಿ."

ಯಾರೋ ನಂಟರ ಹೆಣ್ಣುಮಗಳು ಆಗಲೇ ಮೊಬೈಲ್ ತೆಗೆದಿದ್ದಳು. ಓದಿದಳು, ಓದುತ್ತ ಓದುತ್ತ ಗೋಡೆಯಿಂದ ಬೆನ್ನು ಕಿತ್ತುಕೊಂಡು ಹೊರಗೆ ಬಂದಳು. ಅವಳ ಹಿಂದೆ ಒಬ್ಬೊಬ್ಬರೇ ಬಂದರು. ಪುರೋಹಿತರು ದರ್ಭೆ ಕಟ್ಟನ್ನು ಚೀಲಕ್ಕೆ ಸೇರಿಸಿದರು. ನಂದೀಶ್ವರಯ್ಯನಿಗೆ ಏಳಲು ಇಬ್ಬರು ಕೈ ಕೊಡಬೇಕಾಯಿತು. ಇವತ್ತೇ ಅದನ್ನು ಕೆಡವಿಸು ಎಂದು ಅಳಿಯನಿಗೆ ಹೇಳಿ ಅವನು ನೇರ ಕಾರಿಗೆ ಹೋದ.

ಭೀಮರಾಜು ರಸ್ತೆಗೆ ಬಂದು ಬಸ್ಸಿಗೆ ನಿಂತ. ಒಂದು ಬೀಡಿ ಮುಗಿಯುವಷ್ಟು ಹೊತ್ತು ಎದೆ ಹಗುರಾಗಿತ್ತು. ಆಮೇಲೆ ಹಿಂತಿರುಗಿ ನೋಡಿದ. ಫೈಬರ್ ಚರ್ಚಿನ ಮುಂದೆ ಅವನ ಹೆಂಚಿನ ಮಾಡು ಕಾಣುತ್ತಿತ್ತು. ಹತ್ತು ವರ್ಷದಲ್ಲಿ ಕೈಯಾರೆ ಕಟ್ಟಿದ ಒಂದೇ ಒಂದು ನೆಟ್ಟಗಿನ ಕೆಲಸ ಅದು. ಅದರ ಕೇಡನ್ನು ತಾನೇ ಬಾಯಾರೆ ಹೇಳಿ ಬಂದಿದ್ದ. ಬಸ್ಸು ಬಂದಾಗ ಹತ್ತಲು ತಡಮಾಡಿದ್ದಕ್ಕೆ ಕಂಡಕ್ಟರ್ ಗದರಿದ.

ಸಂಜೆ ಊಟಕ್ಕೆ ಕೂತಾಗ ಎಲ್ಲವನ್ನೂ ಮಗಳಿಗೆ ಹೇಳಿದ. ಭೇಷ್ ಎನ್ನುತ್ತಾಳೆಂದು ಕಾದಿದ್ದ. ಅವಳು ನಂದೀಶ್ವರಯ್ಯನನ್ನು ಎರಡು ಮಾತಿನಲ್ಲಿ ಬೈದು ಮುಗಿಸಿ, ಅಪ್ಪನ ಕಡೆ ತಿರುಗಿದಳು.

"ಆ ಮನುಷ್ಯ ಹೇಳಿಸ್ಕೊಳ್ಳೋಕೆ ತಕ್ಕೋನು, ಬುಡು. ಆದ್ರೆ ನೀನು ಮೊದಲಿಂದ ಗೊತ್ತಿದ್ದೂ ಎರಡು ತಿಂಗಳು ಬಾಯಿ ಮುಚ್ಕೊಂಡಿದ್ದೆ ಅಲ್ವಾ? ಆ ಫೋಟೋಕ್ಕೆ ಬಂದ ಮಕ್ಕಳು ನಿಂಗೇನ್ ಮಾಡಿದ್ರು? ಅವರನ್ನ ನೋಡ್ಕೊಂಡು ಒಳಗೊಳಗೇ ನಗ್ತಾ ಇದ್ದೆ."

ಭೀಮರಾಜುವಿಗೆ ಗೂಟ ಸವರಿದ ಬೆರಳು ಕಣ್ಣಿಗೆ ಬಂತು. ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಗೇಟು ಆ ದಿನ ಬೀಳಲಿಲ್ಲ, ಮಾರನೆಯ ದಿನವೂ ಬೀಳಲಿಲ್ಲ. ಸುದ್ದಿ ಐ.ಡಿ.ಹಳ್ಳಿಯವರೆಗೂ ಹಬ್ಬಿತ್ತು. ಬಾಡಿಗೆಗೆ ಬಂದ ಜೆಸಿಬಿಯವನು ವಿಷಯ ತಿಳಿದು, ತನ್ನ ಹೆಂಡತಿ ಬಸುರಿ, ಇಂಥದ್ದಕ್ಕೆ ಗಾಡಿ ತಾಗಿಸುವುದಿಲ್ಲ ಎಂದು ತಿರುಗಿಸಿಕೊಂಡು ಹೋದನಂತೆ. ಪ್ಲೈವುಡ್ ಹುಡುಗರು ಅದರ ನೆರಳಿನಲ್ಲಿ ಮಲಗುವುದನ್ನೂ ಬಿಟ್ಟರು. ಅಲ್ಲಿಯವರೆಗೆ ಒಂದೂ ಹೆಣ ಇಳಿಯದ ಕಲ್ಲು ಅದು, ಮಾತಿಗೇ ಮೈಲಿಗೆಯಾಗಿತ್ತು. ಐದನೆಯ ದಿನ ನವೀನ್ ಕುಮಾರ್ ತೋವಿನಕೆರೆಗೆ ಬಂದು ಮನೆಯ ಮುಂದೆ ನಿಂತ. ವೇದಾವತಿ ಒಳಗೆ ಕರೆದು ಕುರ್ಚಿ ಹಾಕಿದಳು. ಅವನು ಅದರ ಅಂಚಿನಲ್ಲಿ ಕೂತ.

ಮೊದಲು ಅವನು ಕೇಳಿದ್ದು ಬೇರೆಯೇ. ಮಾವನಿಗೊಂದು ಮಾತು ಹೇಳಬೇಕಂತೆ: ಈ ಗೇಟಿನಲ್ಲಿ ಎರಡು ಬಗೆಯುಂಟು, ಒಂದು ಹೆಣದ್ದು, ಒಂದು ಮದುವೆಯದು, ಇದು ಮದುವೆಯದು ಎಂದು. ಮೇಸ್ತ್ರಿಯೇ ಹೇಳಿದರೆ ನಂಬುತ್ತಾರೆ.

"ಸುಳ್ ಗ್ವಾಡೆ ಕಟ್ಟುಸ್ಕಂಡಿದ್ ಸಾಲ್ದಾ ಸ್ವಾಮಿ, ಈಗ ಸುಳ್ ಮಾತೂ ನನ್ ಕೈಲೇ ಕಟ್ಟುಸ್ಬೇಕಾ?"

ನವೀನ್ ಕುಮಾರ್ ನೆಲ ನೋಡಿದ. ಅವತ್ತು ನಾನು ಮಾತಾಡಬೇಕಿತ್ತು, ಬಾಯಿ ಬರಲಿಲ್ಲ ಎಂದ. ಬಾಯಿ ಬಾರದವರನ್ನು ಭೀಮರಾಜು ಅಪ್ಪನ ಕಾಲದಿಂದ ನೋಡಿಕೊಂಡು ಬಂದಿದ್ದ. ಆಮೇಲೆ ಬಂದದ್ದು ನಿಜವಾದ ಕೋರಿಕೆ: ಹಾಗಿದ್ದರೆ ನೀವೇ ಬಂದು ಬಿಚ್ಚಿಕೊಡಿ, ಬೇರೆ ಯಾರೂ ಮುಟ್ಟುತ್ತಿಲ್ಲ.

ಮುಟ್ಟಿಸಿಕೊಳ್ಳಲು ಹೇಸಿದ ಜನ ಈಗ ಮುಟ್ಟಲು ಅವನನ್ನೇ ಕರೆಯುತ್ತಿದ್ದರು. ಭೀಮರಾಜು ನಗಬಹುದಿತ್ತು, ನಗಲಿಲ್ಲ. ಅವನ ತಲೆಯಲ್ಲಿ ಇನ್ನೇನೋ ಓಡುತ್ತಿತ್ತು. ಮೂರು ವರ್ಷದ ಹಿಂದೆ ಅವನ ತಾಯಿ ದಾಸಮ್ಮ ತೀರಿಕೊಂಡಾಗ ಕಾರ್ತೀಕದ ಜಡಿಮಳೆ. ಕೇರಿಯ ಸುಡುಗಾಡು ಊರಾಚೆ ತಗ್ಗಿನಲ್ಲಿತ್ತು. ತೆಗೆದ ಗುಂಡಿಗೆ ನೀರು ತುಂಬಿ, ಅದನ್ನು ಬಕೆಟ್ಟಿನಲ್ಲಿ ಎತ್ತಿ ಹಾಕುವವರೆಗೆ ಹೆಗಲು ಕೊಟ್ಟವರು ಬಯಲಲ್ಲೇ ನಿಂತಿದ್ದರು. ಇಳಿಸೋಣವೆಂದರೆ ಕೆಸರು. ಒಂದು ನೀಲಿ ಟಾರ್ಪಾಲನ್ನು ನಾಲ್ವರು ಹಿಡಿದಿದ್ದರು; ಗಾಳಿಗೆ ಅದು ಹಾರಿ ಹೋಗಿ ದಾಸಮ್ಮನ ಮುಖದ ಮೇಲೆ ಮಳೆ ಬಿದ್ದಿತ್ತು.

ಬಿಚ್ಚುತ್ತೇನೆ, ಬಿಚ್ಚಿದ ಕಲ್ಲು, ಮರ, ಹೆಂಚು ಎಲ್ಲ ನನಗೆ ಎಂದು ಭೀಮರಾಜು ಹೇಳಿದ. ತೋವಿನಕೆರೆಯವರೆಗೆ ಟ್ರಾಕ್ಟರು ನಿಮ್ಮದು. ನವೀನ್ ಕುಮಾರ್ ಯಾಕೆಂದೂ ಕೇಳದೆ ಒಪ್ಪಿದ.

ಬಿಚ್ಚುವ ದಿನ ಕರೆಯದಿದ್ದರೂ ಚೌಡಯ್ಯ ಬಂದಿದ್ದ. ಇಬ್ಬರೂ ಹೆಂಚು ಇಳಿಸಿದರು. ಗೂಟಗಳನ್ನು ಹಿಂದಿನಿಂದ ಬಡಿದು ಹೊರಗೆ ತೆಗೆಯುವ ಮೊದಲು ಚೌಡಯ್ಯ ಪ್ರತಿ ತೊಲೆಯ ತುದಿಗೆ ಉಳಿಯಿಂದ ಗೀಟು ಹಾಕಿದ: ಒಂದು ಗೀಟು, ಎರಡು ಗೀಟು, ಕತ್ತರಿ ಗೀಟು. ಭೀಮರಾಜು ಕಲ್ಲುಗಳಿಗೂ ಹಾಗೇ ಮಾಡಿದ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಚೌಡಯ್ಯ, "ಆ ಶಾಲು ಅವತ್ತೇ ಅಲ್ಲೇ ಬುಟ್ಟು ಬರ್ಬೇಕಾಗಿತ್ತು ಮೇಸ್ತ್ರಿ. ಹೊಳೀಲಿಲ್ಲ ನಂಗೆ" ಎಂದ. ಭೀಮರಾಜು ಅವನ ಎಲೆಗೆ ಒಂದು ಮುದ್ದೆ ಚಟ್ನಿ ಹಾಕಿ, ಊಟ ಮಾಡು ಎಂದ.

ಜ್ಯೇಷ್ಠ ಮುಗಿಯುವುದರೊಳಗೆ ಸುಡುಗಾಡಿನ ದಾರಿಯಲ್ಲಿ ಮಾಡು ಎದ್ದು ನಿಂತಿತು. ಕೇರಿಯವರೇ ಮಣ್ಣು ಹೊತ್ತರು, ನೀರು ಹಾಕಿದರು. ಪಂಚಾಯಿತಿಯ ಮೆಂಬರೊಬ್ಬ ಬಂದು ನೋಡಿ, ತನ್ನ ಅನುದಾನ ಎಂದು ಒಂದು ಬೋರ್ಡು ಹಾಕಿಸುತ್ತೇನೆ ಎಂದ. ಮೊದಲು ಇಲ್ಲಿ ಮಲಗುವ ಸರದಿ ಯಾರದೋ ಅವರ ಹೆಸರು ಹಾಕುವುದೆಂದು ಮಾತಾಗಿದೆ, ನಿಮ್ಮದು ಬರೆಯೋಣವೇ ಎಂದು ಭೀಮರಾಜು ಕೇಳಿದ ಮೇಲೆ ಅವನು ಆ ಮಾತು ಬಿಟ್ಟ.

ಐ.ಡಿ.ಹಳ್ಳಿ ರಸ್ತೆಯ ಇಂಗ್ಲೆಂಡಿಗೆ ಏನೂ ಆಗಲಿಲ್ಲ. ಪುಣ್ಯಾಹ ಮಾಡಿಸಿ, ಗೇಟಿನ ಜಾಗದಲ್ಲಿ ಫೈಬರಿನ ದೊಡ್ಡ ಹೃದಯವೊಂದನ್ನು ನಿಲ್ಲಿಸಿದರು. ಜನ ಮುಂಚೆಗಿಂತ ಹೆಚ್ಚು ಬರುತ್ತಿದ್ದಾರೆಂದು ಸುದ್ದಿ. ಪಾವಗಡದ ಹುಡುಗಿಯ ಮದುವೆಯ ಆಲ್ಬಮ್ಮಿನಲ್ಲಿ ಆ ಗೇಟು ಉಳಿದಿರಬಹುದು. ಅವಳನ್ನು ಎಲ್ಲಾದರೂ ಕಂಡರೆ ನಿಜ ಹೇಳುವುದೋ ಬೇಡವೋ ಎಂದು ಭೀಮರಾಜು ಒಂದೆರಡು ಸಲ ಯೋಚಿಸಿ, ಬೇಡವೆಂದುಕೊಂಡ. ನಂದೀಶ್ವರಯ್ಯನ ಬಗ್ಗೆ ಯೋಚಿಸಲೂ ಇಲ್ಲ.

ಆಷಾಢದಲ್ಲಿ ಕೇರಿಯ ಹನುಮಕ್ಕಜ್ಜಿ ತೀರಿಕೊಂಡಳು. ಹೊತ್ತುಕೊಂಡು ಹೊರಟಾಗ ಮೋಡವಿತ್ತು, ದಾರಿಯ ಅರ್ಧಕ್ಕೆ ಮಳೆ ಹಿಡಿಯಿತು. ಮಗ ಸಿರಾದಿಂದ ಬರುವವನಿದ್ದ. ಅವನು ಬರದೆ ಮಣ್ಣು ಮಾಡುವಂತಿರಲಿಲ್ಲ. ನಾಲ್ಕು ಜನ ಹೆಗಲಿನಿಂದ ಚಟ್ಟ ಇಳಿಸಿ ಚಪ್ಪಡಿಯ ಮೇಲಿಟ್ಟರು, ಕೈ ಬಿಟ್ಟು ನೆಟ್ಟಗೆ ನಿಂತು ಬೆನ್ನು ನೀವಿಕೊಂಡರು. ಹೆಂಗಸರು ಗೋಡೆಯ ಮೇಲೆ ಸಾಲಾಗಿ ಕೂತರು. ಕಟ್ಟಡದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಹನುಮಕ್ಕ ಸುಗ್ಗಿಯಲ್ಲಿ ಹೇಗೆ ಬೈಯುತ್ತಿದ್ದಳು ಎಂದು ಒಬ್ಬಳು ನೆನೆಸಿಕೊಂಡಳು, ಇನ್ನೊಬ್ಬಳು ಅಳುತ್ತಲೇ ನಕ್ಕಳು. ಸುತ್ತ ಮಳೆ ಸುರಿಯುತ್ತಿತ್ತು. ಅಜ್ಜಿಯ ಮುಖ ಒಣಗಿಯೇ ಇತ್ತು.

ಭೀಮರಾಜು ತಲೆ ಎತ್ತಿ ಮಾಡು ನೋಡಿದ. ಬಲಮೂಲೆಯಲ್ಲಿ ಒಂದು ಹೆಂಚು ಜಾರಿ, ಹನಿ ಹನಿಯಾಗಿ ಸೋರುತ್ತಿತ್ತು. ಯಾರದೋ ಕೈಯಲ್ಲಿದ್ದ ಮಡಿಸಿದ ಕೊಡೆ ಕೇಳಿ ತೆಗೆದುಕೊಂಡು, ಗೋಡೆಯ ಮೇಲೆ ಹತ್ತಿ ನಿಂತು, ಅದರ ತುದಿಯಿಂದ ಹೆಂಚನ್ನು ಮೇಲಕ್ಕೆ ಸರಿಸಿದ.